ನಾಯಿ ಕೊಡುವ ಮೊದಲು ಆ ಮನೆಯ ಬೆಕ್ಕನ್ನು ಕೇಳಬೇಕಿತ್ತು

ಮನೆಯಿಲ್ಲದ ನಾಯಿಗಳಿಗೆ ಮನೆ ಹುಡುಕಿಕೊಡುವುದು ನನ್ನ ಕೆಲಸ. ಮೊದಮೊದಲು ನಾಯಿಯನ್ನಷ್ಟೇ ನೋಡುತ್ತಿದ್ದೆ. ಕಚ್ಚುತ್ತಾ, ಮಕ್ಕಳ ಜೊತೆ ಹೇಗಿರುತ್ತೆ, ಲಸಿಕೆ ಆಗಿದೆಯಾ, ಇಷ್ಟೇ. ಆ ಮನೆಯಲ್ಲಿ ಆಗಲೇ ಇರುವ ಪ್ರಾಣಿಯ ಬಗ್ಗೆ ಜಾಸ್ತಿ ಕೇಳುತ್ತಲೇ ಇರಲಿಲ್ಲ.

ಒಂದು ಹೆಣ್ಣು ನಾಯಿ ಎರಡೇ ದಿನಕ್ಕೆ ವಾಪಸ್ ಬಂತು. ಬಲು ಸಾಧು ಪ್ರಾಣಿ. "ಬೆಕ್ಕಿದ್ದರೂ ಪರವಾಗಿಲ್ಲ, ಇದು ಏನೂ ಮಾಡಲ್ಲ" ಎಂದು ನಾನೇ ಹೇಳಿ ಕಳಿಸಿದ್ದೆ. ಆದರೆ ಅದು ಬೆಕ್ಕಿನ ಮುಂದೆ ಹೇಗಿರುತ್ತದೆ ಅಂತ ನಾನು ಒಮ್ಮೆಯೂ ನೋಡಿರಲಿಲ್ಲ. ಪರಿಚಯ ಆಗಲಿ ಅಂತ ಮನೆಯವರು ಬೆಕ್ಕನ್ನು ಎತ್ತಿಕೊಂಡು ನಾಯಿಯ ಮೂಗಿನ ಮುಂದೆಯೇ ಹಿಡಿದಿದ್ದರು. ಬೆಕ್ಕು ಅವರ ಕೈ ಪರಚಿ ಮಂಚದ ಕೆಳಗೆ ಸೇರಿತು. ಎರಡು ದಿನ ಏನೂ ತಿನ್ನಲಿಲ್ಲ. ಬೆಕ್ಕು ಹೀಗೆ ಊಟ ಬಿಟ್ಟರೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಕುತ್ತು ಬರಬಹುದು. ಅವರು ನಾಯಿಯನ್ನು ವಾಪಸ್ ತಂದದ್ದು ಸರಿಯೇ. ತಪ್ಪು ನನ್ನದು.

ಈಗ ನಾನು ಮೊದಲು ಕೇಳುವುದೇ ಇದು: ಬಾಗಿಲು ಹಾಕಿಡಬಹುದಾದ ಒಂದು ಕೋಣೆ ಬಿಟ್ಟುಕೊಡುತ್ತೀರಾ? ಹೊಸ ನಾಯಿ ಕೆಲವು ದಿನ ಅಲ್ಲೇ ಇರಲಿ. ಅದು ಮಲಗಿದ ಬಟ್ಟೆಯನ್ನು ಬೆಕ್ಕಿನ ಹತ್ತಿರ ಇಡಿ, ಬೆಕ್ಕಿನದನ್ನು ನಾಯಿಯ ಹತ್ತಿರ. ಮುಖಕ್ಕಿಂತ ಮೊದಲು ವಾಸನೆಯ ಪರಿಚಯ ಆಗಬೇಕು. ಆಮೇಲೆ ಮುಚ್ಚಿದ ಬಾಗಿಲಿನ ಆಚೆ ಒಂದಕ್ಕೆ, ಈಚೆ ಒಂದಕ್ಕೆ ಊಟ. ಬೆಕ್ಕು ತಟ್ಟೆ ಬಿಟ್ಟು ಎದ್ದುಹೋದರೆ ತಟ್ಟೆ ಇನ್ನೂ ದೂರ ಇಡಬೇಕು ಅಂತ ಅರ್ಥ. ನೆಮ್ಮದಿಯಾಗಿ ತಿಂದರೆ ಮಾತ್ರ ದಿನಕ್ಕೆ ಒಂದು ಹೆಜ್ಜೆ ಹತ್ತಿರ. ಕೆಲವು ಬೆಕ್ಕುಗಳಿಗೆ ಇದೇ ತಿಂಗಳುಗಟ್ಟಲೆ ಹಿಡಿಯುತ್ತದೆ. ಹಿಡಿಯಲಿ ಬಿಡಿ.

ಮನೆಯಲ್ಲಿ ಇನ್ನೊಂದು ನಾಯಿ ಇದ್ದರೆ ಲೆಕ್ಕ ಬೇರೆ. ಹೊರಗೆ, ಎರಡಕ್ಕೂ ಹೊಸದಾದ ಜಾಗದಲ್ಲಿ, ನಡುವೆ ಅಂತರ ಬಿಟ್ಟು ಒಂದೇ ದಿಕ್ಕಿಗೆ ನಡೆಸಿಕೊಂಡು ಹೋಗಿ. ಎದುರುಬದುರು ನಿಲ್ಲಿಸಬೇಡಿ. ಮನೆಗೆ ಬರುವ ಮೊದಲೇ ಮೂಳೆ, ಆಟಿಕೆ, ತಟ್ಟೆ ಎಲ್ಲ ಎತ್ತಿಡಿ. ಗುರ್ ಎಂದರೆ ಬೈಯಬೇಡಿ. 'ಸಾಕು, ದೂರ ಇರು' ಅನ್ನುವ ಮಾತು ಅದು, ಅಲ್ವಾ? ಆ ಮಾತನ್ನು ಅಡಗಿಸಿದರೆ ಮುಂದೆ ಸೂಚನೆಯೇ ಇಲ್ಲದೆ ಬಾಯಿ ಹಾಕಬಹುದು. ಇನ್ನು ಮೊಲ, ಹಕ್ಕಿ ಇದ್ದರೆ ಎಂಥ ಸಾಧು ನಾಯಿಯನ್ನೂ ಅವುಗಳ ಜೊತೆ ಒಂಟಿಯಾಗಿ ಬಿಡಬೇಡಿ.

ಅದೇ ಹೆಣ್ಣು ನಾಯಿ ಆಮೇಲೆ ಇನ್ನೊಂದು ಬೆಕ್ಕಿನ ಮನೆಗೇ ಹೋಯಿತು. ಮೂರನೇ ವಾರ ನೋಡಲು ಹೋಗಿದ್ದೆ. ಜಾಲರಿ ಗೇಟಿನ ಆಚೆ ಬೆಕ್ಕು ಬೀರುವಿನ ಮೇಲೆ ಕೂತಿತ್ತು. ಈಚೆ ನಾಯಿ, ಕೊರಳಲ್ಲಿ ಸಡಿಲ ಬಿಟ್ಟ ಹಗ್ಗ. ಬೆಕ್ಕು ಕೆಳಕ್ಕೆ ಹಾರಿದ್ದೇ ತಡ, ನಾಯಿಯ ಮೈ ಬಿಗಿಯಾಯಿತು. ಬಾಯಿ ಮುಚ್ಚಿತು. ಕಿವಿ ಮುಂದಕ್ಕೆ ಬಂತು. ಮನೆಯಾಕೆ ಹಗ್ಗ ಎಳೆಯಲಿಲ್ಲ, ಮೆಲ್ಲಗೆ ಹೆಸರು ಹಿಡಿದು ಕರೆದರು. ನಾನು ಉಸಿರು ಬಿಗಿಹಿಡಿದು ನಿಂತಿದ್ದೆ. ನಾಯಿ ಬೆಕ್ಕಿನಿಂದ ಕಣ್ಣು ಕಿತ್ತು ಅವರ ಮುಖ ನೋಡಿತು. ಬಾಯಿ ಮತ್ತೆ ತೆರೆಯಿತು, ನಾಲಿಗೆ ಹೊರಬಂತು. ಬೆಕ್ಕು ಅಲ್ಲೇ ಕೂತು ಕಾಲು ನೆಕ್ಕಿಕೊಳ್ಳತೊಡಗಿತು.

ಗೇಟು ಇನ್ನೂ 15 ದಿನ ಇರಲಿ ಎಂದು ಹೇಳಿ ಬಂದೆ.