ಎಂಟು ಲ್ಯಾಪ್‌ಟಾಪ್‌ಗಳ ಖರೀದಿ ನನಗೆ ಕಲಿಸಿದ್ದು

ಬೆಂಗಳೂರಿನ ಒಂದು ಸಣ್ಣ ವಿಡಿಯೊ ಸಂಕಲನ ಸಂಸ್ಥೆಯಲ್ಲಿ ಕಂಪ್ಯೂಟರ್‌ಗಳ ಖರೀದಿ, ದುರಸ್ತಿ ಎರಡೂ ನನ್ನ ಹೊಣೆ. 2020ರ ಅಕ್ಟೋಬರ್‌ನಲ್ಲಿ ಒಟ್ಟಿಗೆ ಎಂಟು ಲ್ಯಾಪ್‌ಟಾಪ್‌ ಕೊಂಡದ್ದು ನನ್ನದೇ ತೀರ್ಮಾನ, ಮತ್ತು ಅದು ತಪ್ಪು ತೀರ್ಮಾನ. ಇಂಥದೇ ಕೆಲಸದಲ್ಲಿರುವವರಿಗೆ ಉಪಯೋಗವಾದೀತೆಂದು ಅದು ಹೇಗಾಯಿತು ಎಂಬುದನ್ನು ಬರೆಯುತ್ತಿದ್ದೇನೆ.

ಆ ವರ್ಷದ ಜೂನ್ 22ರಂದು ಆ್ಯಪಲ್, ತನ್ನ ಮ್ಯಾಕ್ ಕಂಪ್ಯೂಟರ್‌ಗಳಲ್ಲಿ ಇಂಟೆಲ್ ಕಂಪನಿಯ ಚಿಪ್‌ಗಳನ್ನು ಬಿಟ್ಟು, ಐಫೋನಿನಲ್ಲಿದ್ದಂಥ ತನ್ನದೇ ಚಿಪ್‌ಗಳತ್ತ ಹೊರಳುವುದಾಗಿ ಪ್ರಕಟಿಸಿತು. ಮೊದಲ ಯಂತ್ರ ವರ್ಷಾಂತ್ಯದೊಳಗೆ ಬರುತ್ತದೆ, ಪೂರ್ತಿ ಬದಲಾವಣೆಗೆ ಸುಮಾರು ಎರಡು ವರ್ಷ ಹಿಡಿಯುತ್ತದೆ ಎಂದಿತು. ಉಳಿದದ್ದೆಲ್ಲ ಊಹೆ. ಫೋನಿನ ಚಿಪ್ ಭಾರದ ಕೆಲಸ ತಾಳದು, ಮೊದಲ ತಲೆಮಾರಿನ ಯಂತ್ರ ಮುಗ್ಗರಿಸುತ್ತದೆ, ತಂತ್ರಾಂಶಗಳು ಹೊಂದಿಕೊಳ್ಳಲು ವರ್ಷಗಳೇ ಬೇಕು ಎಂದು ನಾಲ್ಕು ತಿಂಗಳು ಓದಿದೆ. ಓದುತ್ತ ಓದುತ್ತ ಅದೆಲ್ಲ ನನಗೆ ಗೊತ್ತಿರುವ ಸಂಗತಿಯಂತೆಯೇ ಆಗಿಬಿಟ್ಟಿತು. ಯಜಮಾನರು "ಒಂದು ತಿಂಗಳು ಕಾದು ನೋಡೋಣವೇ?" ಎಂದು ಕೇಳಿದಾಗ "ಬೇಡ ಸರ್" ಎಂದೆ. 13 ಇಂಚಿನ, ನಾಲ್ಕು ಪೋರ್ಟುಗಳ ಇಂಟೆಲ್ ಮ್ಯಾಕ್‌ಬುಕ್ ಪ್ರೊಗಳು ಬಂದವು.

ನವೆಂಬರ್ 10ರಂದು, ನಮ್ಮ ಲೆಕ್ಕದಲ್ಲಿ ರಾತ್ರಿ ಹನ್ನೊಂದೂವರೆಗೆ ಶುರುವಾದ ಕಾರ್ಯಕ್ರಮದಲ್ಲಿ ಮ್ಯಾಕ್‌ಗಳಿಗೆಂದು ಆ್ಯಪಲ್ ಮಾಡಿದ ಮೊದಲ ಚಿಪ್ ಎಂ1 ಬಂತು. ಮರುದಿನ ಎಲ್ಲೆಡೆ ಒಂದೇ ಮಾತು: ಹೆಚ್ಚೆಂದರೆ 16 ಜಿಬಿ ಮೆಮೊರಿ, ಎರಡೇ ಪೋರ್ಟು, ಇದು ವೃತ್ತಿಪರರಿಗಲ್ಲ. ಅದನ್ನು ಓದಿ ನನಗೆ ಸಮಾಧಾನವಾಯಿತು.

ನಮ್ಮ ಸಂಕಲನಕಾರ್ತಿಯೊಬ್ಬರು ಸ್ವಂತ ಹಣದಿಂದ 92,900 ರೂಪಾಯಿಯ ಎಂ1 ಮ್ಯಾಕ್‌ಬುಕ್ ಏರ್ ಕೊಂಡು ಡಿಸೆಂಬರ್‌ನಲ್ಲಿ ಕಚೇರಿಗೆ ತಂದರು. ಯಕ್ಷಗಾನವೊಂದರ 4ಕೆ ಚಿತ್ರೀಕರಣದ ಒಂದೇ ತುಣುಕನ್ನು ಎರಡು ಯಂತ್ರಗಳಲ್ಲಿ ಅಕ್ಕಪಕ್ಕ ಇಟ್ಟು ರೆಂಡರ್‌ಗೆ, ಅಂದರೆ ಸಂಕಲಿಸಿದ ವಿಡಿಯೊವನ್ನು ಅಂತಿಮ ಕಡತವಾಗಿ ತಯಾರಿಸಲು, ಹಾಕಿದೆವು. ನಾನು ಕೊಂಡ ಯಂತ್ರದ ಫ್ಯಾನು ಎರಡು ನಿಮಿಷಕ್ಕೆಲ್ಲ ಬೋರೆಂದು ಮೇಲೇರಿತು. ಏರ್‌ನಲ್ಲಿ ಫ್ಯಾನೇ ಇಲ್ಲ. "ಸರ್, ಕೈ ಇಟ್ಟು ನೋಡಿ" ಎಂದರು ಅವರು. ತಳದಲ್ಲಿ ಉಗುರುಬೆಚ್ಚಗಿತ್ತು, ಅಷ್ಟೇ. ಕೆಲಸವೂ ಅದರಲ್ಲೇ ಮೊದಲು ಮುಗಿಯಿತು. ನಿರೂಪಣೆಯ ಧ್ವನಿಯನ್ನು ಅದೇ ಕೋಣೆಯಲ್ಲಿ ಮುದ್ರಿಸುವ ನಮಗೆ ಫ್ಯಾನಿನ ಸದ್ದು ಸಣ್ಣ ಸಂಗತಿಯಲ್ಲ. ಒಂದೇ ವಾಕ್ಯವನ್ನು ಮೂರು ನಾಲ್ಕು ಸಲ ಓದಿಸಿದ ದಿನಗಳಿವೆ.

ಆದರೆ ನಮ್ಮ ಹಳೆಯ ಧ್ವನಿಮುದ್ರಣ ಪೆಟ್ಟಿಗೆಯನ್ನು ಆ ಏರ್‌ಗೆ ಜೋಡಿಸಿದರೆ ಜೀವವೇ ಬರಲಿಲ್ಲ. ಇಂಟೆಲ್‌ಗೆಂದು ಬರೆದ ತಂತ್ರಾಂಶವನ್ನು ಆ್ಯಪಲ್‌ನ ರೋಸೆಟಾ 2 ಎಂಬ ವ್ಯವಸ್ಥೆ ಹೊಸ ಚಿಪ್ಪಿಗೆ ಒಗ್ಗಿಸಿ ಓಡಿಸುತ್ತದೆ, ಕರ್ನಲ್ ಮಟ್ಟದ ಡ್ರೈವರ್‌ಗಳನ್ನು (ಕಂಪ್ಯೂಟರಿನ ಮೂಲ ವ್ಯವಸ್ಥೆಯೊಳಗೇ ಸೇರಿಕೊಂಡು ಹೊರಗಿನ ಸಾಧನಗಳನ್ನು ನಡೆಸುವ ತಂತ್ರಾಂಶ) ಮಾತ್ರ ಓಡಿಸುವುದಿಲ್ಲ. ಆ್ಯಪಲ್ ತನ್ನ ತಾಂತ್ರಿಕ ದಾಖಲೆಯಲ್ಲೇ ಇದನ್ನು ಸ್ಪಷ್ಟವಾಗಿ ಬರೆದಿತ್ತು. ನಮಗೆ ನಿಜವಾಗಿ ಎದುರಾದ ತೊಡಕು ನಾನು ಓದಿದ ಯಾವ ಭವಿಷ್ಯವಾಣಿಯಲ್ಲೂ ಕಂಡಿರಲಿಲ್ಲ. ಅದು ಇದ್ದದ್ದು ನಾನು ತೆರೆದೇ ನೋಡದ ಪುಟದಲ್ಲಿ.

ಇಂಥ ಭವಿಷ್ಯ ತಪ್ಪುವುದು ಹೊಸದೇನಲ್ಲ. 2010ರ ಜನವರಿಯಲ್ಲಿ ಐಪ್ಯಾಡ್‌ಗೆ ಸಾವಿರ ಡಾಲರ್ ಆಸುಪಾಸಿನ ಬೆಲೆಯನ್ನು ಎಲ್ಲರೂ ಊಹಿಸಿದ್ದರು. ಸ್ಟೀವ್ ಜಾಬ್ಸ್ ಅದೇ ಬೆಲೆಯನ್ನು ಪರದೆಯ ಮೇಲೆ ತೋರಿಸಿ, ಬಳಿಕ 499ಕ್ಕೆ ಇಳಿಸಿದರು.

ಹಾಗೆಂದು ಜನರ ಮಾತನ್ನೆಲ್ಲ ಕಿವಿಯಾಚೆ ಹಾಕಬೇಕೆಂದು ನಾನು ಹೇಳುವುದಿಲ್ಲ. 2016ರಲ್ಲಿ ಮ್ಯಾಕ್‌ಬುಕ್ ಪ್ರೊದಿಂದ ಎಸ್‌ಡಿ ಕಾರ್ಡಿನ ಸ್ಲಾಟು, ಪರದೆ ಜೋಡಿಸುವ ಎಚ್‌ಡಿಎಂಐ ಪೋರ್ಟು ಎರಡನ್ನೂ ತೆಗೆದಾಗ ಕ್ಯಾಮೆರಾ ಹಿಡಿಯುವವರು ಸಿಟ್ಟಿಗೆದ್ದರು. ಚಿತ್ರೀಕರಣ ಮುಗಿಸಿ ಕಾರ್ಡು ಹಿಡಿದು ಬಂದವರಿಗೆ ಅದನ್ನು ತೂರಿಸಲು ಜಾಗವಿಲ್ಲ. ಅಡಾಪ್ಟರ್‌ಗಳು ಕಳೆದುಹೋಗಿ ಹೋಗಿ, ಕಡೆಗೆ ದಾರ ಕಟ್ಟಿ ಮೇಜಿನ ಕಾಲಿಗೆ ಬಿಗಿದಿದ್ದೆ. 2021ರ ಅಕ್ಟೋಬರ್‌ನಲ್ಲಿ ಅವೆರಡೂ ಹೊಸ ಪ್ರೊ ಯಂತ್ರಗಳಿಗೆ ಮರಳಿದವು. ಅವರ ಸಿಟ್ಟಿನಲ್ಲಿ ಭವಿಷ್ಯ ನುಡಿಯುವ ಹಟ ಇರಲಿಲ್ಲ. ದಿನದ ಕೆಲಸ ಎಲ್ಲಿ ನಿಲ್ಲುತ್ತದೆ ಎಂಬುದನ್ನಷ್ಟೇ ಅವರು ಹೇಳುತ್ತಿದ್ದರು. ಯಂತ್ರ ಹೇಗಿರಲಿದೆ ಎನ್ನುವವರ ಮಾತಿಗೂ ನನ್ನ ಕೆಲಸ ಇಲ್ಲಿ ಕೆಡುತ್ತಿದೆ ಎನ್ನುವವರ ಮಾತಿಗೂ ಒಂದೇ ತೂಕ ಕೊಟ್ಟದ್ದು ನನ್ನ ದೊಡ್ಡ ತಪ್ಪು.

ಈಗ ಹೊಸ ಯಂತ್ರ ಘೋಷಣೆಯಾದ ವಾರ ನಾನು ಯಾವ ವಿಮರ್ಶೆಯನ್ನೂ ಓದುವುದಿಲ್ಲ. ಮೊದಲು ನಮ್ಮ ಸಂಕಲನಕಾರರ ಪಕ್ಕ ಕುಳಿತು, ಕೆಲಸ ಎಲ್ಲಿ ತಡೆಯುತ್ತಿದೆ ಎಂದು ಕೇಳಿ ಬರೆದುಕೊಳ್ಳುತ್ತೇನೆ. ಆಮೇಲೆ ತಯಾರಕರ ತಾಂತ್ರಿಕ ದಾಖಲೆಯನ್ನು ಸಾಲು ಸಾಲಾಗಿ ಓದುತ್ತೇನೆ. ಕೊಳ್ಳುವುದು ಒಂದೇ ಯಂತ್ರ. ಅದು ಮೂರು ವಾರ ನಿಜವಾದ ಕೆಲಸ ಮಾಡಿ ತೋರಿಸಿದ ಮೇಲೆ ಉಳಿದವು. ಅವಸರ ಪಡಿಸುವವರಿಗೆ ಬೇಸರವಾಗುತ್ತದೆ, ಆಗಲಿ. ಒಂದು ಲ್ಯಾಪ್‌ಟಾಪಿನ ದುಡ್ಡಿನಲ್ಲಿ ನಮ್ಮಲ್ಲಿ ಹೊಸಬರೊಬ್ಬರ ಕೆಲವು ತಿಂಗಳ ಸಂಬಳವಿದೆ.

ಮ್ಯಾಕ್‌ಗಳನ್ನು ನಡೆಸುವ ಮೂಲ ತಂತ್ರಾಂಶದ ಆವೃತ್ತಿಗಳಲ್ಲಿ ಮ್ಯಾಕ್‌ಒಎಸ್ ಟಾಹೊ ಇಂಟೆಲ್ ಯಂತ್ರಗಳಿಗೆ ಕೊನೆಯ ಆವೃತ್ತಿ ಎಂದು 2025ರ ಜೂನ್‌ನಲ್ಲಿ ಆ್ಯಪಲ್ ತಿಳಿಸಿತು. ಆ ಎಂಟರಲ್ಲಿ ಎರಡು ಇನ್ನೂ ನಡೆಯುತ್ತಿವೆ. ಒಂದನ್ನು ಕಾರ್ಡು ನಕಲು ಮಾಡುವ ಮೇಜಿಗೆ ಕೊಟ್ಟಿದ್ದೇನೆ. ಇನ್ನೊಂದು ಆ ಹಳೆಯ ಧ್ವನಿಪೆಟ್ಟಿಗೆಯ ಜೊತೆಗಿದೆ. ನಿರೂಪಕರ ಮೈಕಿನಿಂದ ದೂರವಿರಲೆಂದು ಉದ್ದದ ಕೇಬಲ್ ಎಳೆದು ಬಾಗಿಲಾಚೆ ಇಟ್ಟಿದ್ದೇನೆ.