ಮಾಯವಾದ ಮೊಟ್ಟೆಗಳು

ಇವತ್ತು ಲ್ಯಾಬಿನಲ್ಲಿ ಒಂದು ಸ್ಲೈಡ್ ಹಾಗೇ ಇಟ್ಟು ಊಟಕ್ಕೆ ಹೋಗಿದ್ದೆ. ಹೋಗುವ ಮುಂಚೆ ಅದರಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಕಂಡಿತ್ತು. ಬಂದು ನೋಡಿದರೆ ಒಂದೂ ಇಲ್ಲ!

ನಾವು ಮಾಡುವುದು ಕಾಟೊ-ಕಾಟ್ಜ್ ವಿಧಾನ, ಅಂದರೆ ಮಲದಲ್ಲಿ ಹುಳುಗಳ ಮೊಟ್ಟೆ ಹುಡುಕಿ ಎಣಿಸುವ ಪರೀಕ್ಷೆ. 1954ರಲ್ಲಿ ಜಪಾನಿನಲ್ಲಿ ಶುರುವಾಗಿ, 1972ರಲ್ಲಿ ಬ್ರೆಜಿಲ್‌ನಲ್ಲಿ ಈಗಿನ ರೂಪ ಪಡೆದದ್ದು. 41.7 ಮಿಲಿಗ್ರಾಂ ಮಲ, ಅದರ ಮೇಲೆ ಗ್ಲಿಸರಿನ್ ಮತ್ತು ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದಲ್ಲಿ ನೆನೆಸಿದ ಸೆಲ್ಲೊಫೇನ್ ತುಂಡು. ಎಣಿಸಿದ ಮೊಟ್ಟೆಗಳನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಅಂತ ಸಿಗುತ್ತದೆ. ಅಷ್ಟೇ.

ಗ್ಲಿಸರಿನ್ ಮಲವನ್ನು ತಿಳಿಯಾಗಿಸುತ್ತದೆ, ಅದಕ್ಕೇ ಮೊಟ್ಟೆ ಕಾಣುತ್ತದೆ. ಆದರೆ ಕೊಕ್ಕೆಹುಳುವಿನ ಮೊಟ್ಟೆಯ ಚಿಪ್ಪು ತುಂಬಾ ತೆಳು. ಹೊತ್ತು ಜಾಸ್ತಿಯಾದರೆ ಅದೂ ತಿಳಿಯಾಗಿ ಕಣ್ಣಿಗೆ ಸಿಗುವುದಿಲ್ಲ. 30ರಿಂದ 60 ನಿಮಿಷದೊಳಗೆ ನೋಡಿಬಿಡಬೇಕು. ದುಂಡುಹುಳುವಿನ ಮೊಟ್ಟೆಯಾದರೆ ಆಮೇಲೂ ಕಾಣುತ್ತದೆ, ಅದರ ಚಿಪ್ಪು ದಪ್ಪ.

ತೋರಿಸುವ ದ್ರಾವಣವೇ ಅಳಿಸಿಯೂ ಬಿಡುತ್ತದೆ, ಅಲ್ವಾ? ಕೊಕ್ಕೆಹುಳು ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತದೆ. ನಾನು ತಡವಾಗಿ ನೋಡಿ ‘ಇಲ್ಲ’ ಅಂತ ಬರೆದಿದ್ದರೆ, ಯಾವುದೋ ಮಗು ಮಾತ್ರೆಯಿಲ್ಲದೆ ಮನೆಗೆ ಹೋಗುತ್ತಿತ್ತು. ಊಟ ಇಳಿಯಲಿಲ್ಲ. ಅದೇ ಸ್ಯಾಂಪಲ್‌ನಿಂದ ಮತ್ತೆ ಸ್ಲೈಡ್ ಮಾಡಿ, ಪಕ್ಕದಲ್ಲಿ ಗಡಿಯಾರ ಇಟ್ಟುಕೊಂಡು ಕೂತೆ. ಮೊಟ್ಟೆಗಳು ಸಿಕ್ಕವು.