ಚೌಕಾಸಿ ಮಾಡದ ಗಿರಾಕಿ

ಹಳೇ ಗ್ರೈಂಡರ್ ಮಾರೋಣ ಅಂತ ಮೊನ್ನೆ ಆನ್‌ಲೈನ್‌ನಲ್ಲಿ ಫೋಟೋ ಹಾಕಿದ್ದೆ. ಹತ್ತೇ ನಿಮಿಷಕ್ಕೆ ಒಬ್ಬನ ಫೋನ್. ಕಲ್ಲು ಸವೆದಿದೆಯಾ ಅಂತ ಕೇಳಲಿಲ್ಲ, ನೋಡಲಿಕ್ಕೆ ಬರ್ತೇನೆ ಅನ್ನಲಿಲ್ಲ. ಹೇಳಿದ 2,500ಕ್ಕೇ ಒಪ್ಪಿದ. ಆಗಲೇ ಡೌಟು ಬರಬೇಕಿತ್ತು. ನಮ್ಮ ಉಡುಪಿಯಲ್ಲಿ ಚೌಕಾಸಿ ಮಾಡದೆ ಹಳೇ ಸಾಮಾನು ಯಾರು ತಗೊಳ್ತಾರೆ ಮಾರಾಯ್ರೆ?

ವಾಟ್ಸಾಪ್‌ಗೆ ಒಂದು ಕ್ಯೂಆರ್ ಕೋಡ್ ಬಂತು. "ಸ್ಕ್ಯಾನ್ ಮಾಡಿ ಪಿನ್ ಹಾಕಿ ಸರ್, ದುಡ್ಡು ನಿಮ್ಮ ಅಕೌಂಟಿಗೆ ಬರುತ್ತೆ." ನಾನು ಸ್ಕ್ಯಾನೂ ಮಾಡಿದೆ! ಪಿನ್ನಿನ ಎರಡು ಅಂಕಿ ಒತ್ತಿದ ಮೇಲೆ ಬೆರಳು ನಿಂತಿತು. ಬರುವ ದುಡ್ಡಿಗೆ ಪಿನ್ ಯಾಕೆ? ಯುಪಿಐನಲ್ಲಿ ಕೊಡಲಿಕ್ಕೆ ಮಾತ್ರ ಪಿನ್ ಬೇಕು, ತಗೊಳ್ಳಲಿಕ್ಕೆ ಬೇಡ. ಇದು ನನಗೆ ಗೊತ್ತಿಲ್ಲದ ವಿಷಯವೇನಲ್ಲ. ಆದರೆ ಆತ ಆ ಕಡೆಯಿಂದ "ಬೇಗ ಸರ್, ಬೇಗ" ಅಂತಲೇ ಇದ್ದ. ಆ ಗಡಿಬಿಡಿಯಲ್ಲಿ ತಲೆ ಕೆಲಸ ಮಾಡುವುದಿಲ್ಲ ನೋಡಿ.

ಫೋನ್ ಕಟ್ ಮಾಡಿದೆ. ಪಿನ್ ಪೂರ್ತಿ ಒತ್ತಿದ್ದರೆ ಈಗ 1930ಕ್ಕೆ ಫೋನ್ ಮಾಡಿಕೊಂಡು ಕೂತಿರುತ್ತಿದ್ದೆ. ಅದು ಸೈಬರ್ ವಂಚನೆಯ ಸಹಾಯವಾಣಿ. ದುಡ್ಡು ಹೋದ ತಕ್ಷಣ ಹೇಳಿದರೆ ಮಧ್ಯದಲ್ಲಿ ತಡೆಯುವ ಸಾಧ್ಯತೆ ಜಾಸ್ತಿ.

ಮಲ್ಪೆಯಲ್ಲಿ ಅಮ್ಮ ನೂರು ರೂಪಾಯಿಯ ಬಂಗುಡೆಗೂ ಕಿವಿರು ಎತ್ತಿ, ಕೆಂಪಿದೆಯಾ ನೋಡಿ, ಮೂಸಿಯೇ ತಗೊಳ್ಳುವುದು. ಅವರ ಮಗ ನಾನು!

ಇವತ್ತು ಪಕ್ಕದ ಮನೆಯ ಅಕ್ಕ ಬಂದು ಗ್ರೈಂಡರಿನ ಕಲ್ಲು ತಿರುಗಿಸಿ, ವಯರು ಎಳೆದು ನೋಡಿ, "1,200 ಕೊಡ್ತೇನೆ" ಅಂದರು. ಚೌಕಾಸಿ ನಡೀತಾ ಇದೆ.